ಗಿರೀಶ್ ಕಾಸರವಳ್ಳಿ: ನಮ್ಮ ಮಕ್ಕಳಿಗೆ ಯಾವ ಚಿತ್ರ ಮೊದಲು ತೋರಿಸೋಣ?

ಡೊಂಬಿವಲಿ ಕನ್ನಡಿಗ

ಡೊಂಬಿವಲಿ, ಠಾಣೆ ಕಡೆಯ ಕೆಲವು ಕನ್ನಡ ಮನೆಯವರು ತಿಂಗಳಿಗೊಮ್ಮೆ ಸೇರುತ್ತೇವೆ. ಊಟ, ಹರಟೆ, ಆಮೇಲೆ ಒಂದು ಸಿನಿಮಾ. ಇನ್ನು ಕೆಲವು ತಿಂಗಳು ಗಿರೀಶ್ ಕಾಸರವಳ್ಳಿಯವರ ಚಿತ್ರಗಳನ್ನೇ ನೋಡೋಣ ಎಂದು ನಾನು ಹೇಳಿದೆ. ಎಲ್ಲರೂ ಒಪ್ಪಿದರು. ಆದರೆ ಮೊದಲು ಯಾವುದು ಎನ್ನುವಲ್ಲಿ ಮಾತು ನಿಂತಿದೆ. ನಮ್ಮ ಮಕ್ಕಳಲ್ಲಿ ಜಾಸ್ತಿ ಜನ ಕಾಲೇಜಿನವರು. ಮನೆಯಲ್ಲಿ ಕನ್ನಡ, ಹೊರಗೆ ಹಿಂದಿ ಮತ್ತು ಮರಾಠಿ. ಮಲೆನಾಡಿನ ಅಗ್ರಹಾರದ ಮಾತು ಅವರ ಕಿವಿಗೆ ಬಿದ್ದೇ ಇಲ್ಲ.

ಪರಿಚಯ ಇಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಕಾಸರವಳ್ಳಿ ಹುಟ್ಟಿದ್ದು 1950ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ. ಓದಿದ್ದು ಮಣಿಪಾಲದಲ್ಲಿ, ಫಾರ್ಮಸಿ. ತರಬೇತಿಗೆಂದು ಹೈದರಾಬಾದಿಗೂ ಹೋದರು. ಆಮೇಲೆ ಆ ದಾರಿ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. 1975ರಲ್ಲಿ ಚಿನ್ನದ ಪದಕ ಪಡೆದು ಹೊರಬಂದರು. ಎರಡು ವರ್ಷದಲ್ಲಿ 'ಘಟಶ್ರಾದ್ಧ' ಬಂತು. ಅದಕ್ಕೆ ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಸಿಕ್ಕಿತು. ಅವರಿಗೆ ಆಗ ಮೂವತ್ತೂ ತುಂಬಿರಲಿಲ್ಲ. ಮುಂದೆ 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ' ಚಿತ್ರಗಳಿಗೂ ಸ್ವರ್ಣಕಮಲ. 2011ರಲ್ಲಿ ಪದ್ಮಶ್ರೀ.

ಇದೆಲ್ಲ ಎಲ್ಲ ಕಡೆ ಸಿಗುವ ಮಾಹಿತಿ. ನನಗೆ ಹೇಳಬೇಕಾದದ್ದು ಬೇರೆ ಇದೆ. ಇವರ ಬಗ್ಗೆ ಬರೆಯುವವರು 'ಏಕಾಂಗಿ ಹೋರಾಟ' ಎಂದು ಬರೆಯುತ್ತಾರೆ. ನನಗೆ ಅದು ಸರಿ ಅನಿಸುವುದಿಲ್ಲ. ಮಾರುಕಟ್ಟೆಯ ಹೊರಗೆ ನಿಂತು ನಾಲ್ಕು ದಶಕ ಸಿನಿಮಾ ಮಾಡಬೇಕಾದರೆ ದುಡ್ಡು ಹಾಕಿದವರು, ಕಥೆ ಕೊಟ್ಟವರು, ಮನೆ ನಡೆಸಿದವರು ಯಾರೋ ಇರಲೇಬೇಕು. ಅವರ ಹೆಸರುಗಳೂ ನಮ್ಮ ಮಕ್ಕಳಿಗೆ ಗೊತ್ತಾಗಲಿ ಎನ್ನುವುದು ನನ್ನ ಆಸೆ. ನಿಮಗೆ ಗೊತ್ತಿರುವುದನ್ನು ಬರೆಯಿರಿ.

ಮೂಲ್ಕಿ ಟು ಮುಂಬೈ

ಹಾಗಿದ್ದರೆ ಮೊದಲ ಹೆಸರು ನಮ್ಮ ಊರಿನದೇ. 'ಘಟಶ್ರಾದ್ಧ'ಕ್ಕೆ ದುಡ್ಡು ಹಾಕಿದವರು ಸದಾನಂದ ಸುವರ್ಣ. ಮೂಲ್ಕಿಯವರು, ಬದುಕು ಕಟ್ಟಿದ್ದು ಮುಂಬೈಯಲ್ಲಿ. ಇಲ್ಲಿನ ಕನ್ನಡ ರಂಗಭೂಮಿಯಲ್ಲಿ ದಶಕಗಳ ಕಾಲ ದುಡಿದವರು. ಆಗಷ್ಟೇ ಇನ್‌ಸ್ಟಿಟ್ಯೂಟಿನಿಂದ ಹೊರಬಂದ ಹುಡುಗ. ಕಥೆಯಲ್ಲಿ ಒಬ್ಬ ವಿಧವೆ, ಒಂದು ವೇದ ಪಾಠಶಾಲೆ. ಕಪ್ಪು ಬಿಳುಪು ಚಿತ್ರ, ಹಾಡಿಲ್ಲ, ಕುಣಿತವಿಲ್ಲ. ಇಂಥದ್ದಕ್ಕೆ ಹಣ ಹಾಕಲು ಎಷ್ಟು ಧೈರ್ಯ ಬೇಕು, ಯೋಚಿಸಿ.

ನಮ್ಮ ತಂದೆಯ ಕಾಲದ ಮುಂಬೈ ಕನ್ನಡಿಗರಲ್ಲಿ ತುಂಬ ಜನ ಹಗಲು ಹೋಟೆಲಿನಲ್ಲಿ ಕೆಲಸ ಮಾಡಿ ರಾತ್ರಿ ಶಾಲೆಯಲ್ಲಿ ಓದಿದವರು. ರಜೆಯ ದಿನ ನಾಟಕ ನೋಡುತ್ತಿದ್ದರು, ಕೆಲವರು ಆಡುತ್ತಿದ್ದರು. ಆ ವಾತಾವರಣದಿಂದ ಒಬ್ಬರು ಎದ್ದು ಬಂದು ಕನ್ನಡಕ್ಕೆ ಒಂದು ಸ್ವರ್ಣಕಮಲ ತಂದುಕೊಟ್ಟರು. ನಮ್ಮ ಸಂಘಗಳಲ್ಲಿ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಸುವರ್ಣರು ಅಲ್ಲಿಗೇ ನಿಲ್ಲಲಿಲ್ಲ. ದೂರದರ್ಶನಕ್ಕೆ 'ಗುಡ್ಡದ ಭೂತ' ಮಾಡಿದರು. ಪ್ರಕಾಶ್ ರೈ ಅದರಲ್ಲಿದ್ದರು. ತೇಜಸ್ವಿಯವರ ಕಥೆ ತೆಗೆದುಕೊಂಡು 'ಕುಬಿ ಮತ್ತು ಇಯಾಲ' ನಿರ್ದೇಶಿಸಿದರು. 2024ರ ಜುಲೈನಲ್ಲಿ ತೀರಿಕೊಂಡರು. ಕೆಲವೇ ವಾರಗಳ ನಂತರ, ಹೊಸದಾಗಿ ಸರಿಪಡಿಸಿದ 'ಘಟಶ್ರಾದ್ಧ' ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಆ ಸುದ್ದಿ ಓದಿದಾಗ ಸಂತೋಷ, ಸಂಕಟ ಎರಡೂ ಆಯಿತು.

ಲಾ ಕಾಲೇಜ್ ರಸ್ತೆ

ಪುಣೆಯಿಂದ ಬರೆಯುತ್ತಿದ್ದೇನೆ. ಸಿನಿಮಾ ಸಂಕಲನ ನನ್ನ ಕೆಲಸ. ಆ ಚಿತ್ರ ಉಳಿದುಕೊಂಡದ್ದರಲ್ಲಿ ನಮ್ಮ ಊರಿನ ಪಾತ್ರವೂ ಇದೆ. ಅದನ್ನು ಹೇಳುತ್ತೇನೆ.

ಫಿಲ್ಮ್ ಇನ್‌ಸ್ಟಿಟ್ಯೂಟ್ ಇರುವುದು ಹಳೆಯ ಪ್ರಭಾತ್ ಸ್ಟುಡಿಯೋದ ಜಾಗದಲ್ಲಿ. ಪ್ರಭಾತ್ ಕಂಪನಿ ಕೊಲ್ಹಾಪುರದಲ್ಲಿ ಶುರುವಾಗಿ 1933ರಲ್ಲಿ ಪುಣೆಗೆ ಬಂತು. ಇನ್‌ಸ್ಟಿಟ್ಯೂಟ್ ಶುರುವಾದದ್ದು 1960ರಲ್ಲಿ. ಅದೇ ರಸ್ತೆಯಲ್ಲಿ ಸ್ವಲ್ಪ ಮುಂದೆ 1964ರಲ್ಲಿ ಹುಟ್ಟಿದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ. ಅದನ್ನು ಕಟ್ಟಿ ಬೆಳೆಸಿದವರು ಪಿ.ಕೆ. ನಾಯರ್. ಕಾಸರವಳ್ಳಿ ಇಲ್ಲಿ ಕಲಿಯುವಾಗ ಓಝು, ಕುರಸೋವಾ, ಸತ್ಯಜಿತ್ ರೇ, ಆಂಟೋನಿಯೋನಿ ಚಿತ್ರಗಳನ್ನು ದೊಡ್ಡ ತೆರೆಯ ಮೇಲೆ ನೋಡಿದರು. ಮಲೆನಾಡಿನ ಹುಡುಗನೊಬ್ಬ ಆ ಕಾಲದಲ್ಲಿ ಬೇರೆಲ್ಲಿ ಇವನ್ನು ನೋಡಬಹುದಿತ್ತು? ಅವರ ಡಿಪ್ಲೊಮಾ ಚಿತ್ರ 'ಅವಶೇಷ್'ಗೆ ರಾಷ್ಟ್ರಪ್ರಶಸ್ತಿಯೂ ಬಂತು. ಕೊನೆಯ ವರ್ಷದಲ್ಲಿ ಬಿ.ವಿ. ಕಾರಂತರ ಜೊತೆ 'ಚೋಮನ ದುಡಿ'ಗೆ ಸಹಾಯಕರಾಗಿದ್ದರು. ಅದಕ್ಕೂ ಸ್ವರ್ಣಕಮಲ ಬಂದಿತ್ತು. ಅದೇ ಕಾರಂತರು 'ಘಟಶ್ರಾದ್ಧ'ಕ್ಕೆ ಸಂಗೀತ ಕೊಟ್ಟು ಪ್ರಶಸ್ತಿ ಪಡೆದರು. ಎರಡೂ ಚಿತ್ರಗಳಿಗೆ ಕ್ಯಾಮೆರಾ ಹಿಡಿದವರು ಎಸ್. ರಾಮಚಂದ್ರ.

ಈಗ ಸರಿಪಡಿಸಿದ ವಿಷಯ. ಮೂಲ ನೆಗೆಟಿವ್ ಪುಣೆಯ ಸಂಗ್ರಹಾಲಯದಲ್ಲಿತ್ತು. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ಶುರು ಮಾಡಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಇಟಲಿಯ ಬೊಲೋನ್ಯಾದಲ್ಲಿ ಕೆಲಸ ಮಾಡಿಸಿದವು. ಇಷ್ಟು ಹಳೆಯ ನೆಗೆಟಿವ್ ಅಂದರೆ ಗೀರು, ಧೂಳು ಎಲ್ಲ ಇರುತ್ತದೆ. ಒಂದೊಂದು ಫ್ರೇಮನ್ನೂ ಸ್ಕ್ಯಾನ್ ಮಾಡಿ ಕೈಯಾರೆ ತೊಳೆದಂತೆ ಸರಿಪಡಿಸಬೇಕು. ಸೆಕೆಂಡಿಗೆ 24 ಫ್ರೇಮ್. ನಮ್ಮ ಎಷ್ಟೋ ಕನ್ನಡ ಚಿತ್ರಗಳ ನೆಗೆಟಿವ್ ಲ್ಯಾಬ್‌ಗಳಲ್ಲೇ ಕೊಳೆತು ಹೋಗಿವೆ. ಇದು ಉಳಿಯಿತು.

ಇನ್ನೊಂದು ಕೊಂಡಿ ಇದೆ, ನನಗೆ ಬಹಳ ಇಷ್ಟ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣ ಕಾಸರವಳ್ಳಿಯವರ ಸೋದರಮಾವ. ಪುಣೆಯಿಂದ ನಾಯರ್ ಮತ್ತು ಇನ್‌ಸ್ಟಿಟ್ಯೂಟಿನ ಅಧ್ಯಾಪಕ ಸತೀಶ್ ಬಹಾದೂರ್ ಹೆಗ್ಗೋಡಿಗೆ ಹೋಗಿ ಹಳ್ಳಿಯ ಜನರಿಗೆ ಸಿನಿಮಾ ರಸಗ್ರಹಣ ಶಿಬಿರ ನಡೆಸಿದರು. ಸಂಗ್ರಹಾಲಯದ ಫಿಲ್ಮ್ ಡಬ್ಬಗಳು ಲಾ ಕಾಲೇಜ್ ರಸ್ತೆಯಿಂದ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಗೆ ಹೋದವು. ಅಡಿಕೆ ತೋಟದವರು ಅಲ್ಲಿ ಕೂತು ಜಪಾನಿನ ಚಿತ್ರ ನೋಡಿದರು. ಮಾವ ಹಳ್ಳಿಯಲ್ಲಿ ನೋಡುವವರನ್ನು ತಯಾರು ಮಾಡಿದರು, ಅಳಿಯ ಚಿತ್ರಗಳನ್ನು ಮಾಡಿದರು.

ವಾಶಿ ನೋಟ

ಎಲ್ಲ ಓದಿದೆ. ಗೌರವ ಇದೆ. ಆದರೂ ಒಂದು ಮಾತು ಹೇಳಲೇಬೇಕು. ಇಪ್ಪತ್ತರ ಮಕ್ಕಳನ್ನು ಕೂರಿಸಿ 'ಘಟಶ್ರಾದ್ಧ' ಹಾಕಿದರೆ ಅರ್ಧ ಗಂಟೆಯಲ್ಲಿ ಫೋನ್ ತೆಗೆಯುತ್ತಾರೆ. ಆ ವೇಗ ಅವರಿಗೆ ಹೊಂದುವುದಿಲ್ಲ. ಈ ಚಿತ್ರಗಳು ಪ್ರಶಸ್ತಿ ಪಡೆದವು, ವಿದೇಶಕ್ಕೆ ಹೋದವು, ಆದರೆ ದಾವಣಗೆರೆಯ ಟಾಕೀಸಿಗೆ ಎಷ್ಟು ಬಂದವು? ಜನ ನೋಡದ ಚಿತ್ರವನ್ನು ಜನರ ಚಿತ್ರ ಎನ್ನುವುದು ಹೇಗೆ? ತೊಂದರೆ ಕೊಡಬೇಕೆಂದು ಕೇಳುತ್ತಿಲ್ಲ. ನನಗೆ ನಿಜವಾಗಿ ಉತ್ತರ ಬೇಕು.

ಡೊಂಬಿವಲಿ ಕನ್ನಡಿಗ

ಒಳ್ಳೆಯ ಪ್ರಶ್ನೆ. ನನ್ನ ಉತ್ತರ ಇದು. ಜನ ನೋಡಲಿಲ್ಲ ಎನ್ನುವುದು ಪೂರ್ತಿ ನಿಜವಲ್ಲ, ತೋರಿಸುವವರು ಇರಲಿಲ್ಲ ಎನ್ನುವುದು ಹೆಚ್ಚು ನಿಜ. ಟಾಕೀಸಿನವರಿಗೆ ವಾರದ ಬಾಡಿಗೆ ಹುಟ್ಟಬೇಕು. ಹಂಚಿಕೆದಾರನಿಗೆ ಸ್ಟಾರ್ ಬೇಕು. ಇಂಥ ಚಿತ್ರಕ್ಕೆ ಬೆಳಗಿನ ಆಟ ಸಿಕ್ಕರೆ ಅದೇ ದೊಡ್ಡದು. ಆದರೆ ಎಂಬತ್ತರ ದಶಕದ ಕೊನೆಗೆ ದೂರದರ್ಶನ ಭಾನುವಾರ ಮಧ್ಯಾಹ್ನ ಬೇರೆ ಬೇರೆ ಭಾಷೆಗಳ ಪ್ರಶಸ್ತಿ ಚಿತ್ರಗಳನ್ನು ಹಾಕುತ್ತಿತ್ತು, ನೆನಪಿದೆಯಾ? ಮುಂಬೈಯಲ್ಲಿ ನಮ್ಮ ಚಾಳಿನ ಮರಾಠಿ, ಗುಜರಾತಿ ಮನೆಯವರೆಲ್ಲ 'ತಬರನ ಕಥೆ' ನೋಡಿ ಅತ್ತಿದ್ದಾರೆ. ಭಾಷೆ ಬಾರದವರು ಅತ್ತರು. ಅವರಿಗೆ ವೇಗ ಅಡ್ಡ ಬರಲಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ ನನ್ನ ಮಾತು ಇನ್ನೂ ಗಟ್ಟಿಯಾಗುತ್ತದೆ. 'ತಾಯಿ ಸಾಹೇಬ' ನಿರ್ಮಿಸಿದವರು ಜಯಮಾಲಾ. 'ದ್ವೀಪ' ನಿರ್ಮಿಸಿದವರು ಸೌಂದರ್ಯ. ಇಬ್ಬರೂ ದೊಡ್ಡ ತೆರೆಯ ನಾಯಕಿಯರು. ಸೌಂದರ್ಯ ಆಗ ತೆಲುಗಿನಲ್ಲಿ ಉತ್ತುಂಗದಲ್ಲಿದ್ದರು. ಹಾಡು, ಮೇಕಪ್ಪು ಎಲ್ಲ ಬಿಟ್ಟು ಮಳೆಯಲ್ಲಿ ನೆನೆಯುವ ಹಳ್ಳಿಯ ಹೆಂಗಸಿನ ಪಾತ್ರ ಮಾಡಿದರು, ಹಣವನ್ನೂ ತಾವೇ ಹಾಕಿದರು. 2004ರಲ್ಲಿ ವಿಮಾನ ಅಪಘಾತದಲ್ಲಿ ಹೋಗಿಬಿಟ್ಟರು. ನಾಗಿಯ ಪಾತ್ರ ಅವರ ಹೆಸರಿನ ಜೊತೆ ಯಾವತ್ತೂ ಇರುತ್ತದೆ. ಆಮೇಲೆ 'ಗುಲಾಬಿ ಟಾಕೀಸ್', 'ಕನಸೆಂಬೋ ಕುದುರೆಯನೇರಿ', 'ಕೂರ್ಮಾವತಾರ' ಚಿತ್ರಗಳಿಗೆ ಬಸಂತ್ ಕುಮಾರ್ ಪಾಟೀಲ್ ಬೆನ್ನಿಗೆ ನಿಂತರು. ಒಬ್ಬ ನಿರ್ಮಾಪಕ ಹೀಗೆ ಮತ್ತೆ ಮತ್ತೆ ಬಂದರೆ ನಿರ್ದೇಶಕನಿಗೆ ಎಷ್ಟು ನೆಮ್ಮದಿ, ಅಲ್ವಾ?

ಠಾಣೆಯ ಓದುಗಿ

ಸೌಂದರ್ಯ, ಜಯಮಾಲಾ ಹೆಸರು ಬಂದದ್ದು ಒಳ್ಳೆಯದಾಯಿತು. ಇನ್ನೊಂದು ಹೆಸರು ಇನ್ನೂ ಬಂದಿಲ್ಲ. ವೈಶಾಲಿ ಕಾಸರವಳ್ಳಿ.

1978ರಲ್ಲಿ ಗಿರೀಶ್ ಜೊತೆ ಇವರ ಮದುವೆ. ವೈಶಾಲಿ ಆಗಲೇ ರಂಗಭೂಮಿಯ ಒಳ್ಳೆಯ ನಟಿ. ಮುಂದೆ ಸಿನಿಮಾ, ಧಾರಾವಾಹಿ. 'ಮೂಡಲ ಮನೆ', 'ಮುತ್ತಿನ ತೋರಣ' ಧಾರಾವಾಹಿಗಳನ್ನು ನಿರ್ದೇಶಿಸಿದರು. ಕರ್ನಾಟಕದ ಮನೆಮನೆಗೆ 'ಮೂಡಲ ಮನೆ' ಗೊತ್ತಿತ್ತು. ಗಂಡನ ಚಿತ್ರ ಟಾಕೀಸಿಗೆ ಬರುವುದು ಕಷ್ಟವಾಗಿದ್ದ ಕಾಲದಲ್ಲಿ ಹೆಂಡತಿಯ ಕೆಲಸ ದಿನಾ ಸಂಜೆ ಎಲ್ಲರ ಮನೆಯೊಳಗೆ ಬರುತ್ತಿತ್ತು. 'ತಾಯಿ ಸಾಹೇಬ' ಚಿತ್ರದ ವಸ್ತ್ರವಿನ್ಯಾಸಕ್ಕೆ ವೈಶಾಲಿಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆ ಚಿತ್ರ ನೋಡಿದರೆ ಯಾಕೆ ಎಂದು ಗೊತ್ತಾಗುತ್ತದೆ. ಸ್ವಾತಂತ್ರ್ಯದ ಹಿಂದಿನ ಮತ್ತು ಮುಂದಿನ ಉತ್ತರ ಕರ್ನಾಟಕದ ಒಂದು ದೊಡ್ಡ ವಾಡೆಯ ಬದುಕು ಅದು. ಕಾಲ ಸರಿದದ್ದು ಮಾತಿಗಿಂತ ಬಟ್ಟೆಯಲ್ಲಿ ಜಾಸ್ತಿ ಕಾಣುತ್ತದೆ.

ವೈಶಾಲಿ 2010ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಮರುವರ್ಷ ಗಿರೀಶ್ ಅವರಿಗೆ ಪದ್ಮಶ್ರೀ ಬಂತು. ಆ ಸಂತೋಷ ಹಂಚಿಕೊಳ್ಳಲು ವೈಶಾಲಿ ಇರಲಿಲ್ಲ.

ಈ ಚಿತ್ರಗಳ ಹೆಂಗಸರ ಬಗ್ಗೆ ನನ್ನ ಅನಿಸಿಕೆ ಹೇಳಬೇಕು. 'ಘಟಶ್ರಾದ್ಧ'ದ ಯಮುನಾ, ತಾಯಿ ಸಾಹೇಬ, ನಾಗಿ, ಹಸೀನಾ, ಗುಲಾಬಿ. ಇವರಲ್ಲಿ ಯಾರೂ ಭಾಷಣ ಮಾಡುವುದಿಲ್ಲ. 'ದ್ವೀಪ'ದ ನಾಗಿ ಮುಳುಗುವ ನೆಲದಲ್ಲಿ ಮನೆಯನ್ನು ಹಿಡಿದು ನಿಲ್ಲುತ್ತಾಳೆ. ನೀರು ಇಳಿದ ಮೇಲೆ ಗಂಡ ಅದು ದೇವರ ಕೃಪೆ ಎನ್ನುತ್ತಾನೆ. ಅವಳ ದುಡಿಮೆಗೆ ಒಂದು ಮಾತೂ ಇಲ್ಲ. ನಮ್ಮ ಮನೆಗಳಲ್ಲಿ ನಾನು ಇದನ್ನು ಕಣ್ಣಾರೆ ನೋಡಿದ್ದೇನೆ, ಮಲೆನಾಡಿಗೆ ಹೋಗಬೇಕಾಗಿಲ್ಲ. 'ಹಸೀನಾ' ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯಿಂದ ಬಂದದ್ದು. ತಾರಾಗೆ ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. 2025ರಲ್ಲಿ ಬಾನು ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂದಾಗ ಎಲ್ಲರೂ ಅವರನ್ನು ಹುಡುಕಿ ಓದಿದರು. ಕಾಸರವಳ್ಳಿ ಎರಡು ದಶಕ ಮೊದಲೇ ಓದಿ, ಚಿತ್ರ ಮಾಡಿ ಮುಗಿಸಿದ್ದರು.

ಮಾಟುಂಗಾ ಹಳಬ

ನನ್ನ ಮತ 'ತಬರನ ಕಥೆ'ಗೆ. ನಾನು ನಿವೃತ್ತ ನೌಕರ. ಪಿಂಚಣಿಗಾಗಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಓಡಾಡಿದವನು. ತಬರನಿಗೆ ಬೇಕಾದದ್ದು ತನ್ನದೇ ಹಣ. ಹೆಂಡತಿಯ ಕಾಲು ಸಕ್ಕರೆ ಕಾಯಿಲೆಯಿಂದ ಕೊಳೆಯುತ್ತಿದೆ. ಕಾಗದ ಮೇಜಿನಿಂದ ಮೇಜಿಗೆ ಹೋಗುತ್ತದೆ. ಯಾರೂ ಕೆಟ್ಟವರಲ್ಲ, ಪ್ರತಿಯೊಬ್ಬರಿಗೂ ಒಂದು ನಿಯಮ ಇದೆ. ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂದದ್ದು ನ್ಯಾಯವೇ. ತೇಜಸ್ವಿ ಬರೆದ ಚಿಕ್ಕ ಕಥೆ ಅದು. ಅದನ್ನು ಬ್ರಿಟಿಷರ ಕಾಲದಿಂದ ನಮ್ಮ ಕಾಲದವರೆಗೆ ಹಿಗ್ಗಿಸಿ ನಿಲ್ಲಿಸಿದ್ದು ನಿರ್ದೇಶಕರ ಕೆಲಸ. ಮುಂಬೈಯ ಮಕ್ಕಳಿಗೆ ಅಗ್ರಹಾರ ಗೊತ್ತಿಲ್ಲದಿರಬಹುದು, ಸರ್ಕಾರಿ ಕಚೇರಿಯ ಸಾಲು ಗೊತ್ತಿಲ್ಲವೇ?

ಪಿಂಪ್ರಿ ಎಂಜಿನಿಯರ್

'ಗುಲಾಬಿ ಟಾಕೀಸ್' ಯಾರೂ ಹೇಳಲಿಲ್ಲವಲ್ಲ! ನಾನು ಕುಂದಾಪುರದ ಕಡೆಯವನು, ಅದಕ್ಕೇ ಪಕ್ಷಪಾತ ಅಂದುಕೊಳ್ಳಿ. ವೈದೇಹಿಯವರ ಕಥೆಯಲ್ಲಿ ಊರಿಗೆ ಟಾಕೀಸು ಬರುತ್ತದೆ. ಚಿತ್ರದಲ್ಲಿ ಗುಲಾಬಿ ಎಂಬ ಸೂಲಗಿತ್ತಿಯ ಗುಡಿಸಲಿಗೆ ಡಿಶ್ ಇರುವ ಕಲರ್ ಟಿವಿ ಬರುತ್ತದೆ. ಕಾಲ ಕಾರ್ಗಿಲ್ ಯುದ್ಧದ್ದು. ಮೀನುಗಾರರ ಕೇರಿಯ ಹೆಂಗಸರು ಧಾರಾವಾಹಿ ನೋಡಲು ಗುಲಾಬಿಯ ಮನೆಗೆ ಬರುತ್ತಾರೆ, ಕೆಲವರು ಅವಳು ಮುಸ್ಲಿಂ ಎಂದು ಹೊಸ್ತಿಲಾಚೆ ನಿಂತೇ ನೋಡುತ್ತಾರೆ. ಹೊರಗೆ ದೊಡ್ಡ ಟ್ರಾಲರ್‌ಗಳು ಬಂದು ಸಣ್ಣ ದೋಣಿಯವರ ಹೊಟ್ಟೆಗೆ ಹೊಡೆಯುತ್ತವೆ. ಆ ಸಿಟ್ಟು ಎಲ್ಲಿ ಹೋಗಿ ಇಳಿಯುತ್ತದೆ ಎನ್ನುವುದೇ ಚಿತ್ರ. ಉಮಾಶ್ರೀಗೆ ರಾಷ್ಟ್ರಪ್ರಶಸ್ತಿ ಬಂತು.

ಇವರು ಕಥೆಯನ್ನು ಇದ್ದ ಹಾಗೆ ಚಿತ್ರ ಮಾಡುವವರಲ್ಲ. ಮುರಿದು ಮತ್ತೆ ಕಟ್ಟುತ್ತಾರೆ. ಅನಂತಮೂರ್ತಿ, ತೇಜಸ್ವಿ, ನಾ. ಡಿಸೋಜ, ಭೈರಪ್ಪ, ವೈದೇಹಿ, ಬಾನು, ಅಮರೇಶ ನುಗಡೋಣಿ, ಕುಂ. ವೀರಭದ್ರಪ್ಪ. ಒಬ್ಬರಿಗೊಬ್ಬರು ಒಪ್ಪದ ಲೇಖಕರು ಇದರಲ್ಲಿದ್ದಾರೆ. ಎಲ್ಲರ ಮನೆಗೂ ಹೋಗಿ ಕಥೆ ತಂದಿದ್ದಾರೆ. ಕನ್ನಡದ ಕಥೆಗಾರರು ಇಲ್ಲದೆ ಈ ಸಿನಿಮಾ ಇಲ್ಲ. ಡೊಂಬಿವಲಿಯವರ ಮಾತಿಗೆ ಇದನ್ನೂ ಸೇರಿಸಿಕೊಳ್ಳಿ.

ಮುಂಬೈಯವರಿಗೆ ಇನ್ನೊಂದು: 2020ರ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ' ಚಿತ್ರಕ್ಕೆ ಮೂಲ ಜಯಂತ ಕಾಯ್ಕಿಣಿಯವರ 'ಹಾಲಿನ ಮೀಸೆ'. ಕಾಯ್ಕಿಣಿ ವರ್ಷಗಟ್ಟಲೆ ನಿಮ್ಮ ಊರಲ್ಲಿ ಔಷಧ ಕಂಪನಿಯಲ್ಲಿ ಕೆಲಸ ಮಾಡಿದವರು. ನಿರ್ದೇಶಕರು ಓದಿದ್ದೂ ಫಾರ್ಮಸಿ.

ವಾಶಿ ನೋಟ

ಭಾನುವಾರದ ದೂರದರ್ಶನದ ಮಾತು ಸರಿ. ತೋರಿಸಿದರೆ ನೋಡುತ್ತಾರೆ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಈಗ ತೋರಿಸುವವರು ಯಾರು? ದೊಡ್ಡ ಓಟಿಟಿಗಳಲ್ಲಿ ಹುಡುಕಿದರೆ ಹಳೆಯ ಕನ್ನಡ ಚಿತ್ರಗಳು ಅಪರೂಪ. ಯೂಟ್ಯೂಬಿನಲ್ಲಿ ಇರುವ ಪ್ರತಿಗಳು ಮಸುಕು, ಎಷ್ಟೋ ಕಡೆ ಸಬ್‌ಟೈಟಲ್ ಇಲ್ಲ. ಮಕ್ಕಳಿಗೆ ಕೆಟ್ಟ ಪ್ರತಿ ತೋರಿಸಿದರೆ ಹಳೆಯ ಚಿತ್ರ ಅಂದರೆ ಹೀಗೇ ಎಂದುಕೊಳ್ಳುತ್ತಾರೆ. ಅದು ನನ್ನ ದೊಡ್ಡ ಚಿಂತೆ.

ಇನ್ನೊಂದು ಪ್ರಶ್ನೆ. ಮನೆ ನಡೆಯುತ್ತಿದ್ದದ್ದು ಹೇಗೆ? ಎರಡು ಚಿತ್ರಗಳ ನಡುವೆ ಐದಾರು ವರ್ಷ ಅಂತರ ಇದ್ದ ಕಾಲವೂ ಇದೆ.

ಠಾಣೆಯ ಓದುಗಿ

ಅಂತರ ಇದ್ದದ್ದು ನಿಜ. 'ಮನೆ' ಬಂದು 'ಕ್ರೌರ್ಯ' ಬರುವಷ್ಟರಲ್ಲಿ 1996 ಆಗಿತ್ತು. 'ಮನೆ'ಯಲ್ಲಿ ನಾಸಿರುದ್ದೀನ್ ಷಾ, ದೀಪ್ತಿ ನವಲ್ ಇದ್ದರು. ಆದರೂ ಮುಂದಿನ ಚಿತ್ರ ಸುಲಭವಾಗಲಿಲ್ಲ. ಬೇರೆ ಬೇರೆ ಚಿತ್ರಗಳ ನಡುವೆ ಕಲಿಸುವ ಕೆಲಸ ಮಾಡಿದ್ದಾರೆ, ಸಾಕ್ಷ್ಯಚಿತ್ರ ಮಾಡಿದ್ದಾರೆ, ಟಿವಿಗೆ ಭೈರಪ್ಪನವರ 'ಗೃಹಭಂಗ' ಮಾಡಿದ್ದಾರೆ. ಅನಂತಮೂರ್ತಿ ಮತ್ತು ಅಡೂರ್ ಗೋಪಾಲಕೃಷ್ಣನ್ ಬಗ್ಗೆ ಮಾಡಿದ ಸಾಕ್ಷ್ಯಚಿತ್ರಗಳೂ ಇವೆ. ಮನೆಯಲ್ಲಿ ಇಬ್ಬರೂ ದುಡಿಯುವ ಕಲಾವಿದರು. ಅದರಾಚೆಗಿನ ಮನೆಯ ಲೆಕ್ಕ ನಮಗೆ ಬೇಡ.

ಮಕ್ಕಳು ಅಪೂರ್ವ ಮತ್ತು ಅನನ್ಯ. ಅನನ್ಯ ನಟಿ. 2016ರಲ್ಲಿ 'ಹರಿಕಥಾ ಪ್ರಸಂಗ' ನಿರ್ದೇಶಿಸಿದರು. ಯಕ್ಷಗಾನದಲ್ಲಿ ಸ್ತ್ರೀವೇಷ ಹಾಕುವ ಕಲಾವಿದನ ಕಥೆ. ಅಜ್ಜನಿಗೆ ಯಕ್ಷಗಾನದ ಹುಚ್ಚು ಇತ್ತು. ಮೊಮ್ಮಗಳು ಅಲ್ಲಿಂದಲೇ ಶುರು ಮಾಡಿದ್ದು ನನಗೆ ಖುಷಿ ಕೊಟ್ಟಿತು.

ಲಾ ಕಾಲೇಜ್ ರಸ್ತೆ

ಪ್ರತಿಯ ವಿಷಯಕ್ಕೆ ವಾಶಿಯವರ ಮಾತು ನೂರಕ್ಕೆ ನೂರು ಸರಿ. ಒಂದೇ ಒಂದು ಚಿತ್ರ ಸರಿಯಾಗಿ ಉಳಿದರೆ ಸಾಲದು. 'ತಬರನ ಕಥೆ', 'ತಾಯಿ ಸಾಹೇಬ' ಎರಡಕ್ಕೂ ಅದೇ ಕೆಲಸ ಆಗಬೇಕು. ಮುಂಬೈಯ ಕನ್ನಡ ಸಂಘಗಳು ದೊಡ್ಡ ಸಭಾಂಗಣ ಇಟ್ಟುಕೊಂಡಿವೆ. ಸರಿಪಡಿಸಿದ 'ಘಟಶ್ರಾದ್ಧ'ವನ್ನು ನ್ಯಾಯವಾಗಿ ಅನುಮತಿ ಪಡೆದು, ಒಳ್ಳೆಯ ಪ್ರೊಜೆಕ್ಟರಿನಲ್ಲಿ ತೋರಿಸಲಿ. ಸಂಘದಿಂದ ಒಂದು ಪತ್ರ ಬರೆಯಲು ಏನು ಅಡ್ಡಿ? ಸುವರ್ಣರ ಚಿತ್ರ ಅದು, ಅವರ ಊರಲ್ಲೇ ತೋರಿಸಬೇಕು.

ಮೊದಲು ಯಾವುದು ಎಂದರೆ, ಪುಣೆಯವಳಾಗಿ ನನ್ನ ಮತ 'ದ್ವೀಪ'. ಶರಾವತಿಯ ಹಿನ್ನೀರಿನ ಕಥೆ ಕೇಳಿದರೆ ನಮ್ಮ ಕಡೆಯವರಿಗೆ ತಕ್ಷಣ ಮುಳಶಿ ನೆನಪಾಗುತ್ತದೆ. ಅಲ್ಲಿ 1921ರಲ್ಲೇ ಅಣೆಕಟ್ಟಿನ ವಿರುದ್ಧ ಸತ್ಯಾಗ್ರಹ ನಡೆಯಿತು. ಶಾಲೆಯಲ್ಲಿ ಮಹಾರಾಷ್ಟ್ರದ ಇತಿಹಾಸ ಓದಿದ ಕನ್ನಡ ಮಕ್ಕಳಿಗೆ ಅದು ಒಳ್ಳೆಯ ಬಾಗಿಲು. ಬಣ್ಣದ ಚಿತ್ರ, ಮಾತು ಕಡಿಮೆ, ಮಳೆ ಜಾಸ್ತಿ. ಎಚ್.ಎಂ. ರಾಮಚಂದ್ರ ಅವರ ಛಾಯಾಗ್ರಹಣಕ್ಕೂ ರಾಷ್ಟ್ರಪ್ರಶಸ್ತಿ ಬಂದಿದೆ. ದೀಪ ಆರಿಸಿ, ಫೋನ್ ಪಕ್ಕಕ್ಕಿಡಿಸಿ ನೋಡಿ.

ಮಾಟುಂಗಾ ಹಳಬ

'ದ್ವೀಪ' ಆಗಲಿ, ನನ್ನ ಅಡ್ಡಿಯಿಲ್ಲ. ಆದರೆ ಎರಡನೆಯದು ತಬರನದ್ದೇ ಇರಲಿ.

ಡೊಂಬಿವಲಿ ಕನ್ನಡಿಗ

ಎಲ್ಲರ ಮಾತೂ ಬರೆದಿಟ್ಟುಕೊಂಡಿದ್ದೇನೆ. ಮೊದಲು 'ದ್ವೀಪ', ಆಮೇಲೆ 'ತಬರನ ಕಥೆ', ಆಮೇಲೆ 'ಗುಲಾಬಿ ಟಾಕೀಸ್'. 'ಘಟಶ್ರಾದ್ಧ' ಮನೆಯ ಟಿವಿಯಲ್ಲಿ ಬೇಡ. ಅದಕ್ಕೆ ಸಂಘದ ಸಭಾಂಗಣವೇ ಆಗಬೇಕು. ಪತ್ರದ ಕರಡು ಈ ವಾರ ಇಲ್ಲೇ ಹಾಕುತ್ತೇನೆ. ಮೂಲ್ಕಿಯವರೇ, ಸುವರ್ಣರ ಬಗ್ಗೆ ಒಂದು ಪುಟ ನೀವು ಬರೆದುಕೊಡಿ. ಠಾಣೆಯ ಅಕ್ಕ, ವೈಶಾಲಿಯವರ ಬಗ್ಗೆ ನೀವು ಮಾತಾಡಬೇಕು, ಮೊದಲ ತಿಂಗಳೇ. ಇಂಗ್ಲಿಷ್ ಸಬ್‌ಟೈಟಲ್ ಇರುವ ಒಳ್ಳೆಯ ಪ್ರತಿ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ತಿಳಿಸಿ, 'ತಬರನ ಕಥೆ'ಯದ್ದು ಮುಖ್ಯವಾಗಿ ಬೇಕು.